ಮೇಷ್ಟ್ರ ಕೆಲಸಕ್ಕೆ ಪಾಯಿಂಟು, ಪಾಯಿಂಟಿಗೆ ಸಂಬಳ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಒಬ್ರು "ಯೂನಿವರ್ಸಿಟಿ ಮೇಷ್ಟ್ರಿಗೆ ಕೆಲಸ ಮಾಡಿದ್ರೂ ಅದೇ ಸಂಬಳ, ಮಾಡದಿದ್ರೂ ಅದೇ ಸಂಬಳ" ಅಂತ ಎರಡೇ ಲೈನ್ ಬರೆದಿದ್ರು. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜಾನೂ ಅಲ್ಲ ಅಂತ ನಾನೂ ಎರಡೇ ಲೈನ್ ಉತ್ತರ ಕೊಟ್ಟು ಕೈ ತೊಳ್ಕೊಂಡಿದ್ದೆ. ಓದುಗರು ಬಿಡ್ಬೇಕಲ್ಲ. ಬಂದ ಪತ್ರಗಳಲ್ಲಿ ಐದನ್ನ ಆರಿಸಿದೀನಿ. ಹೆಸರು ಹಾಕ್ಬೇಡಿ ಅಂದೋರೇ ಜಾಸ್ತಿ, ಹಾಗಾಗಿ ಊರು ಮಾತ್ರ.

ಪ್ರಶ್ನೆ: ನನ್ನ ಮಗ ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ಯೂನಿವರ್ಸಿಟೀಲಿ ಅಸಿಸ್ಟೆಂಟ್ ಪ್ರೊಫೆಸರ್. ಮೊನ್ನೆ ಫೋನಲ್ಲಿ "ಅಮ್ಮಾ, ಮೆರಿಟ್ ಬಂತು" ಅಂದ. ಪಿಯುಸಿಲಿ ಬಂದಿದ್ದ ಮೆರಿಟ್ ಸೀಟು ಗೊತ್ತು ನಂಗೆ, ಈಗ ಇದೇನು ಹೊಸಾ ಮೆರಿಟ್ಟು? (ಮೈಸೂರು)

ಉತ್ತರ: ಅಮ್ಮಾ, ಮೊದಲು ಒಂದು ಸ್ವೀಟ್ ಮಾಡಿ. ನಿಮ್ಮ ಮಗ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಯಾವುದಾದ್ರೂ ಕ್ಯಾಂಪಸ್‌ನಲ್ಲಿದ್ರೆ ವಿಷಯ ಹೀಗೆ. ಅಲ್ಲಿ ಅಸಿಸ್ಟೆಂಟ್, ಅಸೋಸಿಯೇಟ್, ಪ್ರೊಫೆಸರ್ ಅಂತ ಮೂರು ಹುದ್ದೆ, ಒಂದೊಂದು ಹುದ್ದೆ ಒಳಗೂ ಮೆಟ್ಟಿಲುಗಳು. ಅಸಿಸ್ಟೆಂಟು, ಅಸೋಸಿಯೇಟುಗಳಿಗೆ ಸಾಮಾನ್ಯವಾಗಿ ಎರಡು ವರ್ಷಕ್ಕೊಂದು ಸಲ, ಪ್ರೊಫೆಸರ್‌ಗಳಿಗೆ ಮೂರು ವರ್ಷಕ್ಕೊಂದು ಸಲ ಫೈಲ್ ತೆಗೆದು ನೋಡ್ತಾರೆ. ಪಾಠ, ಸಂಶೋಧನೆ, ಅವರವರ ವೃತ್ತಿ ವಲಯದ ಕೆಲಸ, ಯೂನಿವರ್ಸಿಟಿಗೂ ಜನರಿಗೂ ಮಾಡಿದ ಸೇವೆ, ಈ ನಾಲ್ಕನ್ನೂ ತೂಗ್ತಾರೆ. ಮೊದಲು ಡಿಪಾರ್ಟ್‌ಮೆಂಟ್‌ನೋರೇ ಓದಿ ಅಭಿಪ್ರಾಯ ಬರೀತಾರೆ, ಆಮೇಲೆ ಡೀನ್, ದೊಡ್ಡ ಮೆಟ್ಟಿಲುಗಳಿಗೆ ಬೇರೆ ಬೇರೆ ವಿಷಯದ ಪ್ರೊಫೆಸರ್‌ಗಳ ಒಂದು ಕಮಿಟಿ ಕೂಡ ಕೂತು ಓದತ್ತೆ. ಪಾಸಾದ್ರೆ ಒಂದು ಮೆಟ್ಟಿಲು ಮೇಲೆ, ಅದರ ಜೊತೆ ಸಂಬಳ. ಮಗ "ಮೆರಿಟ್ ಬಂತು" ಅಂದಿದ್ದು ಇದಕ್ಕೇ. ಸಂಬಳದ ಪಟ್ಟಿ ಬಚ್ಚಿಟ್ಟಿದ್ದೇನಲ್ಲ, ಯಾರು ಬೇಕಾದ್ರೂ ನೋಡಬಹುದು. ಪಕ್ಕದ ರೂಮಿನ ಪ್ರೊಫೆಸರ್ ಯಾವ ಮೆಟ್ಟಿಲಲ್ಲಿದಾರೆ ಅಂತ ಎಲ್ಲರಿಗೂ ಗೊತ್ತಿರತ್ತೆ, ನಮ್ಮಲ್ಲಿ ಯಾರ ಮನೇಲಿ ಎಷ್ಟು ಬಂಗಾರ ಅಂತ ಇಡೀ ಕೇರಿಗೆ ಗೊತ್ತಿರೋ ಹಾಗೆ.

ಆದ್ರೆ ಇಡೀ ಅಮೆರಿಕ ಹೀಗಿಲ್ಲ. ಬಹಳಷ್ಟು ಕಡೆ ಮೆಟ್ಟಿಲೂ ಇಲ್ಲ ಏನೂ ಇಲ್ಲ, ವರ್ಷಕ್ಕೊಂದು ಸಲ ಡಿಪಾರ್ಟ್‌ಮೆಂಟಿಗೆ ಇಷ್ಟು ಅಂತ ಒಂದು ಗಂಟು ಬರತ್ತೆ, ಒಟ್ಟು ಸಂಬಳದ ಶೇಕಡಾ 2 ಅಥವಾ 3 ಅಂತಿಟ್ಕೊಳ್ಳಿ, ಅದನ್ನ ಹಂಚೋದು ಮುಖ್ಯಸ್ಥರ ಕೆಲಸ. ಎಲ್ಲರೂ ತಾವು ಮಾಡಿದ್ದನ್ನ ಬರೆದು ಕೊಡ್ತಾರೆ, ಪಾಠಕ್ಕೆ 40, ಸಂಶೋಧನೆಗೆ 40, ಸೇವೆಗೆ 20 ಅನ್ನೋ ಥರ ತೂಕ ಹಾಕ್ತಾರೆ, "ನಿರೀಕ್ಷೆಗೆ ತಕ್ಕ ಹಾಗಿದೆ", "ನಿರೀಕ್ಷೆ ಮೀರಿದೆ" ಅಂತ ಷರಾ ಬರೀತಾರೆ. ಗಂಟು ಒಂದೇ ಆದ್ದರಿಂದ ಒಬ್ಬರಿಗೆ ಶೇಕಡಾ 4 ಕೊಟ್ರೆ ಇನ್ಯಾರಿಂದಲೋ ಕಿತ್ಕೋಬೇಕು. ಹತ್ತು ಜನ ಇರೋ ಡಿಪಾರ್ಟ್‌ಮೆಂಟ್‌ನಲ್ಲಿ, ದಿನಾ ಮುಖ ಮುಖ ನೋಡ್ಕೊಂಡು ಕಾಫಿ ಕುಡಿಯೋರ ಮಧ್ಯೆ, ಯಾವ ಮುಖ್ಯಸ್ಥ ತಾನೇ ಕಿತ್ಕೊಳ್ತಾನೆ? ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ ಥರ ಹಂಚಿ ಮುಗಿಸೋರೇ ಜಾಸ್ತಿ. ಲೆಕ್ಕ ಹಾಕಿ ನೋಡಿ, 90,000 ಡಾಲರ್ ಸಂಬಳ ಇದ್ರೆ ಶೇಕಡಾ 1 ಅಂದ್ರೆ ವರ್ಷಕ್ಕೆ 900, ತಿಂಗಳಿಗೆ 75 ಡಾಲರು, ಅದೂ ಟ್ಯಾಕ್ಸ್ ಕಟ್ಟೋ ಮುಂಚೆ. ಅಷ್ಟಕ್ಕೆ ಮನಸ್ತಾಪ ಜೀವಮಾನ ಪೂರ್ತಿ. ಅಲ್ಲಿ ಬೆಲೆ ಏರಿಕೆ ಶೇಕಡಾ 8 ಮುಟ್ಟಿದ್ದ 2022ರಲ್ಲಿ 3 ಪರ್ಸೆಂಟ್ ಮೆರಿಟ್ ಸಿಕ್ಕಿದೋರ ಸಂಬಳ ನಿಜವಾಗಿ ಇಳಿದಿತ್ತು, ಹೊಗಳಿಕೆ ಪತ್ರ ಮಾತ್ರ ಕೈಲಿತ್ತು.

ಪ್ರಶ್ನೆ: ನಮ್ಮಲ್ಲಿ ಅಂಥ ಮೆರಿಟ್ ಸಂಬಳ ಯಾಕಿಲ್ಲ? ನಾನು ರಾತ್ರಿ ಹಗಲು ದುಡಿದ್ರೂ ನನಗೆ ಶೇಕಡಾ 3, ಹಾಜರಿ ಹಾಕಿ ಕ್ಯಾಂಟೀನ್ ಸೇರೋ ನನ್ನ ಸಹೋದ್ಯೋಗಿಗೂ ಶೇಕಡಾ 3. (ದಾವಣಗೆರೆ)

ಉತ್ತರ: ಇದೆ ಸ್ವಾಮಿ, ವೇಷ ಬೇರೆ ಅಷ್ಟೇ. ವರ್ಷದ ಇನ್‌ಕ್ರಿಮೆಂಟ್ ಎಲ್ಲರಿಗೂ ಒಂದೇ, ನಿಜ. ಏಳನೇ ವೇತನ ಆಯೋಗದ ಸ್ಕೇಲಲ್ಲಿ 57,700 ಬೇಸಿಕ್‌ಗೆ ಸೇರಿದ ಅಸಿಸ್ಟೆಂಟ್ ಪ್ರೊಫೆಸರು ಮುಂದಿನ ವರ್ಷ 59,400, ಅದರ ಮುಂದಿನ ವರ್ಷ 61,200, ಹೀಗೆ ಎಮ್ಮೆ ನಡಿಗೆ. ಆದ್ರೆ ಲೆವೆಲ್ 12ರಿಂದ 13ಎಗೆ, ಅಂದ್ರೆ ಅಸೋಸಿಯೇಟ್ ಪ್ರೊಫೆಸರ್ ಆಗೋ ದಿನ ನೋಡಿ, 90,000 ಆಸುಪಾಸಲ್ಲಿದ್ದ ಬೇಸಿಕ್ಕು ಒಂದೇ ಏಟಿಗೆ 1,31,400. ನಲವತ್ತು ಸಾವಿರ ಚಿಲ್ಲರೆ, ಅದರ ಮೇಲೆ ಡಿಎ ಬೇರೆ. ನಿಮ್ಮ ಮೆರಿಟ್ ಸಂಬಳ ಇರೋದು ಆ ಜಿಗಿತದಲ್ಲಿ. ಹಾಗಾಗಿ ನಮ್ಮ ಮೇಷ್ಟ್ರುಗಳ ಆಸೆ, ಅಸೂಯೆ, ಕೋರ್ಟು ಕೇಸು ಎಲ್ಲಾ ಸೇರ್ಕೊಂಡಿರೋದು ಸಿಎಎಸ್, ಅಂದ್ರೆ ಕರಿಯರ್ ಅಡ್ವಾನ್ಸ್‌ಮೆಂಟ್ ಸ್ಕೀಮ್ ಅನ್ನೋ ಬಡ್ತಿ ಯೋಜನೆಯ ಮೂರಕ್ಷರದ ಒಳಗೆ.

ಜಿಗಿಯೋಕೆ ಅರ್ಹತೆ ಅಳೆಯೋದು ಹೇಗೆ ಅನ್ನೋದೇ ಕಥೆ. ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಕೇಂದ್ರದ ಆಯೋಗ ಯುಜಿಸಿ, ಅದರ 2010ರ ನಿಯಮದಲ್ಲಿ ಮೇಷ್ಟ್ರ ಕೆಲಸ ಅಳೆಯೋಕೆ ಎಪಿಐ ಅಂತ ಒಂದು ಅಂಕಪಟ್ಟಿ ಬಂತು ನೆನಪಿದೆಯಾ, ಪ್ರತಿಯೊಂದಕ್ಕೂ ಪಾಯಿಂಟು. ರೆಫರೀಡ್ ಜರ್ನಲ್‌ನಲ್ಲಿ (ತಜ್ಞರು ಓದಿ ಒಪ್ಪಿದ ಮೇಲೇ ಹಾಕೋ ಪತ್ರಿಕೆ) ಲೇಖನ ಬಂದ್ರೆ 15, ಇಂಟರ್‌ನ್ಯಾಷನಲ್ ಸೆಮಿನಾರಲ್ಲಿ ಪೇಪರ್ ಓದಿದ್ರೆ 10, ನ್ಯಾಷನಲ್ ಆದ್ರೆ 7.5, ರಾಜ್ಯ ಮಟ್ಟಕ್ಕೆ 5, ಕಾಲೇಜು ಮಟ್ಟಕ್ಕೆ 3. ಈ ಪಟ್ಟಿ ಬಂದ ಮೇಲೆ ನಮ್ಮ ಕಡೆ ರಾಜ್ಯ ಮಟ್ಟದ ಸೆಮಿನಾರೇ ಮಾಯ ಆಗೋಯ್ತು! ಕಾಸರಗೋಡಿಂದ ಒಬ್ರು ಬಂದು ಭಾಷಣ ಮಾಡಿದ್ರೆ ಬ್ಯಾನರಲ್ಲಿ ನ್ಯಾಷನಲ್, ಪ್ರಿನ್ಸಿಪಾಲರ ಅಳಿಯ ನ್ಯೂಜೆರ್ಸಿಯಿಂದ ಸ್ಕೈಪಲ್ಲಿ ಹತ್ತು ನಿಮಿಷ ಮಾತಾಡಿದ್ರೆ ಇಂಟರ್‌ನ್ಯಾಷನಲ್. ಊಟಕ್ಕೆ ಮುಂಚೆ ಸರ್ಟಿಫಿಕೇಟ್ ಕೊಟ್ಟುಬಿಟ್ರೆ ಮಧ್ಯಾಹ್ನದ ಮೇಲೆ ಹಾಲ್ ಖಾಲಿ.

ನನ್ನದೇ ಹೇಳ್ತೀನಿ. ನನ್ನ ಪ್ರಮೋಷನ್ ಫೈಲ್ ಮಾಡಿದಾಗ ಯೂನಿವರ್ಸಿಟಿ ಗೇಟಿನ ಎದುರಿನ ಝೆರಾಕ್ಸ್ ಅಂಗಡೀಲಿ ಎರಡು ದಿನ ನಿಂತಿದ್ದೆ. ಐದು ಸೆಟ್ಟು, ಪ್ರತಿ ಪುಟಕ್ಕೂ ಸೆಲ್ಫ್ ಅಟೆಸ್ಟೆಡ್ ಅಂತ ಸೀಲು, ಸೀಲ್ ಹೊಡೆದೂ ಹೊಡೆದೂ ಹೆಬ್ಬೆರಳು ನೀಲಿ, ಕೊನೆಗೆ ಸ್ಪೈರಲ್ ಬೈಂಡಿಂಗ್ ಮಾಡೋ ಹುಡುಗ "ಸಾರ್ ಇಷ್ಟು ದಪ್ಪದ್ದು ಹಿಡಿಯಲ್ಲ, ಎರಡು ಮಾಡ್ಕೊಳ್ಳಿ" ಅಂದ. ಆಟೋದಲ್ಲಿ ಹಾಕ್ಕೊಂಡು ಹೋದೆ. ಕಮಿಟಿ ಮುಂದೆ ಕೂತಾಗ ಒಬ್ಬರು ಕೊನೇ ಹಾಳೆಯಲ್ಲಿದ್ದ ಟೋಟಲ್ ನೋಡಿದ್ರು, ಇನ್ನೊಬ್ಬರು "ನಿಮ್ಮ ಊರು ಯಾವುದು" ಅಂದ್ರು. ನನ್ನ ಒಂದು ಲೇಖನವನ್ನೂ ಯಾರೂ ತೆಗೆದು ನೋಡಲಿಲ್ಲ. ಪ್ರಮೋಷನ್ ಏನೋ ಸಿಕ್ತು, ಆದ್ರೆ ಖುಷಿ ಆಯ್ತಾ ಅಂತ ಕೇಳಿದ್ರೆ ಇವತ್ತಿಗೂ ನಂಗೆ ಉತ್ತರ ಗೊತ್ತಿಲ್ಲ.

ಪಾಯಿಂಟಿನ ತಮಾಷೆ ಇನ್ನೊಂದಿದೆ. 2010ರ ಪಟ್ಟೀಲಿ ಇಂಟರ್‌ನ್ಯಾಷನಲ್ ಪಬ್ಲಿಷರ್ ತಂದ ಪುಸ್ತಕಕ್ಕೆ 50, ರಾಷ್ಟ್ರ ಮಟ್ಟದ ಪಬ್ಲಿಷರ್‌ಗೆ 25, ಲೋಕಲ್ ಆದ್ರೆ 15, ಅದಕ್ಕೂ ಐಎಸ್‌ಬಿಎನ್ ಅನ್ನೋ ಪುಸ್ತಕದ ನಂಬರ್ ಇರಬೇಕು. ಕಿಟ್ಟೆಲ್ ಸಾಹೇಬ್ರು ವರ್ಷಗಟ್ಟಲೆ ಕೂತು ಮಾಡಿದ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್‌ನಿಂದ ಬಂತಲ್ಲ, ಅವರು ಫೈಲ್ ಹಿಡ್ಕೊಂಡು ಬಂದಿದ್ರೆ ನಮ್ಮ ಕ್ಲರ್ಕು "ಲೋಕಲ್ ಪಬ್ಲಿಷರ್ರು, ಐಎಸ್‌ಬಿಎನ್ ಬೇರೆ ಇಲ್ಲ, ಸೊನ್ನೆ" ಅಂತ ಬರೆದು ಕಳಿಸ್ತಿದ್ದ.

2018ರಲ್ಲಿ ನಿಯಮ ಬದಲಾಯ್ತು. ಈಗ ಪಾಠಕ್ಕೆ ನೋಡೋದು ಹಂಚಿದ ಕ್ಲಾಸಲ್ಲಿ ಎಷ್ಟು ತಗೊಂಡ್ರಿ ಅಂತ, ಶೇಕಡಾ 80 ದಾಟಿದ್ರೆ "ಉತ್ತಮ", 70 ದಾಟಿದ್ರೆ "ತೃಪ್ತಿಕರ". ಕ್ಲಾಸಲ್ಲಿ ಏನು ನಡೀತು, ಹಿಂದಿನ ಬೆಂಚಿನ ಹುಡುಗಿಗೆ ಅರ್ಥ ಆಯ್ತಾ, ಅದಕ್ಕೆ ಕಾಲಂ ಇಲ್ಲ. ಪ್ರೊಫೆಸರ್ ಆಗೋಕೆ ಮಾತ್ರ ಹತ್ತು ಪ್ರಕಟಣೆ, 110 ರಿಸರ್ಚ್ ಸ್ಕೋರ್ ಬೇಕು. ಲೇಖನ ಇಬ್ಬರು ಸೇರಿ ಬರೆದ್ರೆ ಒಬ್ಬೊಬ್ಬರಿಗೂ ಶೇಕಡಾ 70ರಷ್ಟು ಪಾಯಿಂಟ್ ಅಂತ ಇದೆ. ಒಬ್ಬನೇ ಬರೆದ್ರೆ 100, ಇಬ್ಬರು ಬರೆದ್ರೆ ಒಟ್ಟು 140. ಜೊತೆಗಾರಿಕೆ ಎಷ್ಟು ಬೆಳೀತು ಅಂತ ನಾನು ಹೇಳ್ಬೇಕಾಗಿಲ್ಲ, ನಿಮ್ಮ ಡಿಪಾರ್ಟ್‌ಮೆಂಟಿನ ಲಿಸ್ಟ್ ತೆಗೆದು ನೋಡಿ. 2025ರ ಜನವರೀಲಿ ಯುಜಿಸಿ ಹೊಸ ಕರಡು ಬಿಟ್ಟಾಗ ಈ ಪಾಯಿಂಟೇ ಬೇಡ, ಒಂಬತ್ತು ಥರದ ಗಮನಾರ್ಹ ಕೆಲಸಗಳಲ್ಲಿ ನಾಲ್ಕು ಮಾಡಿ ತೋರಿಸಿ ಸಾಕು ಅಂತ ಇತ್ತು, ಅದರಲ್ಲಿ ಭಾರತೀಯ ಭಾಷೆಗಳಲ್ಲಿ ಪಾಠ ಮಾಡೋದೂ ಒಂದು. ಕನ್ನಡದಲ್ಲಿ ವಿಜ್ಞಾನ ಹೇಳಿಕೊಡೋರಿಗೆ ಓದೋಕೆ ಚೆನ್ನಾಗಿತ್ತು. ಆದ್ರೆ ಪಾಯಿಂಟ್ ಹೋದ್ರೆ ಮತ್ತೆ ಬರೋದು ಕಮಿಟಿಯ ಮರ್ಜಿ, ಮರ್ಜಿ ಅಂದ್ರೆ ವಶೀಲಿ, ಆ ಕಾಲವನ್ನೂ ನಾವು ನೋಡಿದೀವಿ. ಕ್ಯಾಲಿಫೋರ್ನಿಯಾದ ಕಮಿಟಿ ಫೈಲ್ ಓದತ್ತೆ, ನಮ್ಮದು ಟೋಟಲ್ ಓದತ್ತೆ. ನನ್ನ ಮಟ್ಟಿಗೆ ವ್ಯತ್ಯಾಸ ಇರೋದು ಅಲ್ಲೇ.

ಪ್ರಶ್ನೆ: ನಮ್ಮದು ಖಾಸಗಿ ಇಂಜಿನಿಯರಿಂಗ್ ಕಾಲೇಜು. ಸ್ಕೋಪಸ್ ಅನ್ನೋ ಅಂತರರಾಷ್ಟ್ರೀಯ ಪಟ್ಟೀಲಿರೋ ಜರ್ನಲ್‌ನಲ್ಲಿ ಪೇಪರ್ ಬಂದ್ರೆ ಸ್ಯಾಲರಿ ಜೊತೆ ಇನ್ಸೆಂಟಿವ್ ಕೊಡ್ತಾರೆ, ಬರದಿದ್ರೆ ಇನ್‌ಕ್ರಿಮೆಂಟ್ ಕಟ್. ಇದು ಸರೀನಾ? (ಬೆಂಗಳೂರು)

ಉತ್ತರ: ಅವರಿಗೆ ಆ ಪೇಪರ್ ಯಾಕೆ ಬೇಕು ಅಂತ ಮೊದಲು ನೋಡಿ. 2016ರಿಂದ ಬರ್ತಿರೋ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗಲ್ಲಿ ಇಂಜಿನಿಯರಿಂಗ್ ಸಂಸ್ಥೆಗಳಿಗೆ ಸಂಶೋಧನೆಯ ತೂಕ ನೂರಕ್ಕೆ 30. ರ‍್ಯಾಂಕ್ ಏರಿದ್ರೆ ಮೆಟ್ರೋ ಪಿಲ್ಲರ್ ಮೇಲೆ ಜಾಹೀರಾತು, ಜಾಹೀರಾತಿಗೆ ಅಡ್ಮಿಷನ್ನು. ನಿಮ್ಮ ಇನ್ಸೆಂಟಿವ್ ಅವರ ಲೆಕ್ಕದಲ್ಲಿ ಸಂಶೋಧನೆ ಖರ್ಚಲ್ಲ, ಪ್ರಚಾರದ ಖರ್ಚು.

ದುಡ್ಡು ಕೊಟ್ಟು ಪೇಪರ್ ಬರೆಸೋ ಕಸರತ್ತನ್ನ ಚೀನಾ ನಮಗಿಂತ ದೊಡ್ಡದಾಗಿ ಮಾಡಿ ನೋಡಿದೆ. ಅಲ್ಲಿನ ಯೂನಿವರ್ಸಿಟಿಗಳು ನೇಚರ್, ಸೈನ್ಸ್ ಥರದ ಪತ್ರಿಕೇಲಿ ಒಂದು ಲೇಖನ ಬಂದ್ರೆ 2016ರ ಹೊತ್ತಿಗೆ ಸರಾಸರಿ 43,000 ಡಾಲರ್‌ಗೂ ಮೇಲೆ ಬಹುಮಾನ ಕೊಡ್ತಿದ್ವು. ಲೇಖನಗಳ ಸಂಖ್ಯೆ ಏರಿತು, ಜೊತೆಗೆ ದುಡ್ಡಿಗೆ ಪೇಪರ್ ಬರೆದು ಮಾರೋ ಅಂಗಡಿಗಳೂ ಬೆಳೆದ್ವು. 2020ರ ಫೆಬ್ರವರೀಲಿ ಅಲ್ಲಿನ ಸರ್ಕಾರವೇ ಪೇಪರಿಗೆ ನಗದು ಕೊಡ್ಬೇಡಿ, ಪೇಪರ್ ಎಣಿಸಿ ಪ್ರಮೋಷನ್ ಕೊಡ್ಬೇಡಿ ಅಂತು. ನಾವು ಅವರು ಬಿಟ್ಟ ಚಪ್ಪಲಿ ಹಾಕ್ಕೊಂಡು ಓಡ್ತಿದೀವಿ.

ಸರೀನಾ ಅಂತ ಕೇಳಿದ್ರಿ. ಒಳ್ಳೇ ಕೆಲಸಕ್ಕೆ ದುಡ್ಡು ಕೊಡೋದು ತಪ್ಪಲ್ಲ, ಲ್ಯಾಬಿಗೆ, ವಿದ್ಯಾರ್ಥಿಗೆ, ಪುಸ್ತಕಕ್ಕೆ ಕೊಡಲಿ. ವಾರಕ್ಕೆ ಹದಿನೆಂಟು ಗಂಟೆ ಕ್ಲಾಸು, ಲ್ಯಾಬು, ಅಡ್ಮಿಷನ್ ಟೈಮಲ್ಲಿ ಪೋಷಕರಿಗೆ ಫೋನು, ಇಷ್ಟನ್ನೂ ಮಾಡಿಸಿಕೊಂಡು ವರ್ಷಕ್ಕೆ ಎರಡು ಪೇಪರ್ ತಾ ಅಂದ್ರೆ ಮನುಷ್ಯ ಎಲ್ಲಿಂದ ತರ್ತಾನೆ? ಕೊಂಡ್ಕೊಂಡೇ ತರ್ತಾನೆ. ನೀವು ಮಾತ್ರ ಹಾಗೆ ಕೊಳ್ಳೋಕೆ ಹೋಗ್ಬೇಡಿ. ತಪ್ಪೋ ಮೋಸವೋ ಕಂಡು ಜರ್ನಲ್‌ನೋರು ವಾಪಸ್ ಪಡೆದ ಪೇಪರ್‌ಗಳಿಗೆ ಎನ್‌ಐಆರ್‌ಎಫ್‌ನಲ್ಲೂ ಅಂಕ ಕಳೆಯೋದು ಶುರುವಾಗಿದೆ, ಪೇಪರ್ ವಾಪಸ್ ಆದ ದಿನ ಮ್ಯಾನೇಜ್‌ಮೆಂಟ್ ನಿಮ್ಮ ಹೆಸರನ್ನೇ ಮುಂದೆ ಮಾಡತ್ತೆ.

ಪ್ರಶ್ನೆ: ಪಾಠ ಕೇಳೋರು ವಿದ್ಯಾರ್ಥಿಗಳು. ಅವರ ಫೀಡ್‌ಬ್ಯಾಕ್ ನೋಡಿ ಸಂಬಳ ಏರಿಸಿದ್ರೆ ಮುಗೀತಲ್ಲ? (ಶಿವಮೊಗ್ಗ)

ಉತ್ತರ: ಕೇಳೋಕೆ ಚೆನ್ನಾಗಿದೆ. ಕೆನಡಾದ ಟೊರಾಂಟೋದಲ್ಲಿ ರೈಯರ್ಸನ್ ಅಂತ ಯೂನಿವರ್ಸಿಟಿ ಇತ್ತು, ಈಗ ಹೆಸರು ಬದಲಾಗಿದೆ, ಅಲ್ಲಿ ಇದೇ ಜಗಳ ಪಂಚಾಯ್ತಿಗೆ ಹೋಗಿ 2018ರಲ್ಲಿ ತೀರ್ಪು ಬಂತು. ಪ್ರಮೋಷನ್ನು, ಟೆನ್ಯೂರ್ (ಅಂದ್ರೆ ಕೆಲಸ ಕಾಯಂ) ಕೊಡುವಾಗ ಪಾಠದ ಗುಣಮಟ್ಟ ಅಳೆಯೋಕೆ ವಿದ್ಯಾರ್ಥಿಗಳ ರೇಟಿಂಗ್ ಬಳಸಬಾರದು ಅಂತ. ಮಕ್ಕಳು ಸುಳ್ಳು ಹೇಳ್ತಾರೆ ಅಂತಲ್ಲ. ಧ್ವನಿ ಕೇಳಿಸ್ತಾ, ಟೈಮಿಗೆ ಬಂದ್ರಾ, ಉತ್ತರಪತ್ರಿಕೆ ವಾಪಸ್ ಕೊಟ್ರಾ, ಇದನ್ನ ಅವರು ಸರಿಯಾಗೇ ಹೇಳ್ತಾರೆ. ಆದ್ರೆ ಮೇಷ್ಟ್ರು ಹೆಂಗಸೋ ಗಂಡಸೋ, ವಿಷಯ ಕಷ್ಟದ್ದೋ ಸುಲಭದ್ದೋ, ಮಾರ್ಕ್ಸ್ ಧಾರಾಳವೋ ಜಿಪುಣವೋ, ಇವೆಲ್ಲಾ ಆ ಐದರ ಸ್ಕೇಲಿನ ಒಳಗೆ ನುಗ್ಗಿ ಕೂತಿರತ್ತೆ. ಗಣಿತದ ಮೇಷ್ಟ್ರಿಗೂ ಟೂರ್ ಕರ್ಕೊಂಡು ಹೋಗೋ ಮೇಷ್ಟ್ರಿಗೂ ಒಂದೇ ಫಾರಂ. ಫೀಡ್‌ಬ್ಯಾಕ್ ಬೇಕು, ತಿದ್ಕೊಳ್ಳೋಕೆ. ಅದಕ್ಕೆ ಸಂಬಳ ಕಟ್ಟಿದ್ರೆ ಇಂಟರ್ನಲ್ಸ್‌ನಲ್ಲಿ ಎಲ್ಲರಿಗೂ ಫುಲ್ ಮಾರ್ಕ್ಸ್ ಬೀಳತ್ತೆ, ಬೇಕಾದ್ರೆ ಬೆಟ್ ಕಟ್ಟಿ.

ಪ್ರಶ್ನೆ: ಸರ್, ನಾನು ಸರ್ಕಾರಿ ಪದವಿ ಕಾಲೇಜಲ್ಲಿ ಹನ್ನೊಂದು ವರ್ಷದಿಂದ ಅತಿಥಿ ಉಪನ್ಯಾಸಕಿ. ನೆಟ್ ಅರ್ಹತಾ ಪರೀಕ್ಷೆ ಆಗಿದೆ, ಪಿಎಚ್‌ಡಿ ಆಗಿದೆ, ಆರು ಪೇಪರ್ ಇವೆ. ನೀವು ಹೇಳೋ ಮೆರಿಟ್ಟು ನಮಗೆ ಎಲ್ಲಿ? (ಕಲಬುರಗಿ)

ಉತ್ತರ: ಈ ಪತ್ರಕ್ಕೆ ಉತ್ತರ ಬರೆಯೋಕೆ ಎರಡು ದಿನ ಮುಂದೂಡಿದೆ ತಾಯಿ. 2022ರ ಜನವರೀಲಿ ನಮ್ಮ ಸರ್ಕಾರ ಪದವಿ ಕಾಲೇಜಿನ ಅತಿಥಿ ಉಪನ್ಯಾಸಕರ ಗೌರವಧನ ಪರಿಷ್ಕರಿಸಿದಾಗ ಯುಜಿಸಿ ಅರ್ಹತೆ ಇದ್ದು ಐದು ವರ್ಷ ದಾಟಿದೋರಿಗೆ 32,000, ದಾಟದೋರಿಗೆ 30,000, ಅರ್ಹತೆ ಇಲ್ಲದೋರಿಗೆ 28,000 ಮತ್ತು 26,000 ಅಂತ ಮಾಡಿತ್ತು. ಆಮೇಲೆ ಸ್ವಲ್ಪ ಏರಿದೆ. ಅಂದ್ರೆ ನಿಮ್ಮ ಐದು ವರ್ಷದ ದುಡಿಮೆಗೆ ಆಗ ಸರ್ಕಾರ ಕಟ್ಟಿದ ಬೆಲೆ ತಿಂಗಳಿಗೆ 2,000, ಆರನೇ ವರ್ಷದಿಂದ ಹನ್ನೊಂದನೇ ವರ್ಷದ ತನಕ ಮಾಡಿದ್ದಕ್ಕೆ ಆ ಪಟ್ಟೀಲಿ ಬೆಲೆ ಇರಲಿಲ್ಲ, ಆರು ಪೇಪರಿಗಂತೂ ಕೇಳೋದೇ ಬೇಡ.

ನಾಳೆ ನಿಮಗೆ ಕಾಯಂ ಕೆಲಸ ಸಿಕ್ಕಿದ್ರೆ ಈ ಹನ್ನೊಂದು ವರ್ಷ ಪ್ರಮೋಷನ್‌ಗೆ ಸೇರತ್ತಾ ಅಂತ ಪತ್ರದ ಕೊನೇಲಿ ಕೇಳಿದೀರಿ. 2018ರ ನಿಯಮದಲ್ಲಿ ಹಿಂದಿನ ತಾತ್ಕಾಲಿಕ, ಗುತ್ತಿಗೆ ಸೇವೆ ಲೆಕ್ಕಕ್ಕೆ ತಗೊಳ್ಳೋಕೆ ಅವಕಾಶ ಇದೆ, ಷರತ್ತುಗಳೂ ಇವೆ. ವಿದ್ಯಾರ್ಹತೆ ಇರಬೇಕು, ಆಯ್ಕೆ ಸಮಿತಿ ಮೂಲಕ ನೇಮಕ ಆಗಿರಬೇಕು, ಅದೆಲ್ಲಾ ಸರಿ. ಇನ್ನೊಂದಿದೆ ನೋಡಿ, ಆ ಅವಧೀಲಿ ನೀವು ತಗೊಂಡ ಸಂಬಳ ಕಾಯಂ ಅಸಿಸ್ಟೆಂಟ್ ಪ್ರೊಫೆಸರ್‌ನ ಒಟ್ಟು ಸಂಬಳಕ್ಕಿಂತ ಕಮ್ಮಿ ಇರಬಾರದಂತೆ. ಕಮ್ಮಿ ಕೊಟ್ಟೋರು ಅವರೇ, ಕಮ್ಮಿ ತಗೊಂಡ್ರಿ ಅಂತ ಲೆಕ್ಕದಿಂದ ಬಿಡೋರೂ ಅವರೇ. ಆದ್ರೂ ಪ್ರತಿ ಸೆಮಿಸ್ಟರ್ ಮುಗಿದಾಗ ಪ್ರಿನ್ಸಿಪಾಲರ ಹತ್ರ ವರ್ಕ್‌ಲೋಡ್ ಸರ್ಟಿಫಿಕೇಟಿಗೆ ಸೈನ್ ಹಾಕಿಸಿ, ತಾರೀಖು ಮರೀಬೇಡಿ, ಎರಡು ಸೆಟ್ ಝೆರಾಕ್ಸ್ ಮಾಡಿಸಿ ಒಂದನ್ನ ತವರು ಮನೇಲಿ ಇಡಿ.