ಓದುಗರ ಪ್ರಶ್ನೆ: ಕಾನೂನಿದ್ದರೆ ಸಾಕೇ?

ಪ್ರಶ್ನೆ: ‘ಕಾನೂನು ಗೊತ್ತುಪಡಿಸಿದ ಪ್ರಕ್ರಿಯೆಯ ಪ್ರಕಾರವಲ್ಲದೆ’ ಯಾರ ಜೀವವನ್ನಾಗಲಿ, ವೈಯಕ್ತಿಕ ಸ್ವಾತಂತ್ರ್ಯವನ್ನಾಗಲಿ ಕಸಿಯುವಂತಿಲ್ಲ ಎನ್ನುತ್ತದೆ ಸಂವಿಧಾನದ 21ನೇ ವಿಧಿ. ಹಾಗಾದರೆ ಸರ್ಕಾರ ಒಂದು ಕಾನೂನು ಮಾಡಿಕೊಂಡು ಯಾರನ್ನು ಬೇಕಾದರೂ ಒಳಗೆ ಹಾಕಬಹುದೇ?
(ಕಾನೂನು ವಿದ್ಯಾರ್ಥಿನಿ, ಧಾರವಾಡ)

ಉತ್ತರ: 1950ರಲ್ಲಿ ಕೇಳಿದ್ದರೆ ಹೆಚ್ಚುಕಡಿಮೆ ಹೌದು ಎನ್ನಬೇಕಾಗುತ್ತಿತ್ತು. ಶಾಸನಸಭೆ ಮಾಡಿದ ಕಾನೂನಿದ್ದು, ಅದರಂತೆ ನಡೆದುಕೊಂಡಿದ್ದರೆ ಸಾಕು ಎಂದು ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾನೂನೇ ಅನ್ಯಾಯದ್ದಾಗಿದ್ದರೆ? ಅದಕ್ಕೆ 21ರಲ್ಲಿ ಪರಿಹಾರವಿರಲಿಲ್ಲ.

ಈ ವಿಧಿಯ ಮೊದಲ ಕರಡಿನಲ್ಲಿದ್ದುದು ಅಮೆರಿಕದ ‘ಡ್ಯೂ ಪ್ರೊಸೆಸ್’, ಅಂದರೆ ಕಾನೂನೇ ನ್ಯಾಯವಾದುದೇ ಎಂದೂ ಕೋರ್ಟು ನೋಡಬಹುದಾದ ತತ್ವ. ಸಂವಿಧಾನ ಸಲಹೆಗಾರರಾಗಿದ್ದ ಮಂಗಳೂರಿನ ಬಿ.ಎನ್. ರಾವ್ 1947ರಲ್ಲಿ ಅಮೆರಿಕಕ್ಕೆ ಹೋದಾಗ, ಚುನಾಯಿತ ಸಭೆಯ ಕಾನೂನನ್ನು ಕೋರ್ಟುಗಳು ತಳ್ಳಿಹಾಕಲು ಇದು ದಾರಿಯಾಗುತ್ತದೆ ಎಂದು ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಎಚ್ಚರಿಸಿದರು. ಕರಡು ಸಮಿತಿ ಅದನ್ನು ಬಿಟ್ಟು, ಜಪಾನಿನ ಸಂವಿಧಾನದ 31ನೇ ವಿಧಿಯ ಮಾದರಿಯಲ್ಲಿ ‘ಕಾನೂನು ಗೊತ್ತುಪಡಿಸಿದ ಪ್ರಕ್ರಿಯೆ’ ಎಂಬ ಮಾತು ಹಿಡಿಯಿತು. ಇದರಿಂದಾದ ಕೊರತೆಯನ್ನು ಒಂದಿಷ್ಟಾದರೂ ತುಂಬಲೆಂದು ಅಂಬೇಡ್ಕರ್ 1949ರಲ್ಲಿ ತಂದದ್ದೇ ಇಂದಿನ 22ನೇ ವಿಧಿ. ಬಂಧಿಸಿದವರಿಗೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಹೊತ್ತು ಲೆಕ್ಕಕ್ಕಿಲ್ಲ. ವಿದ್ಯಾರ್ಥಿಗಳು ಎಡವುವುದು ಇದರ ಮುಂದಿನ ಸಾಲಿನಲ್ಲಿ: ಗೂಂಡಾ ಕಾಯ್ದೆಯಂಥವುಗಳಡಿ ಅಪರಾಧ ನಡೆಯುವ ಮೊದಲೇ ತಡೆಯಲೆಂದು ಮಾಡುವ ಮುಂಜಾಗ್ರತಾ ಬಂಧನಕ್ಕೆ ಈ 24 ಗಂಟೆಯ ನಿಯಮ ಅನ್ವಯಿಸದು. ಅಲ್ಲಿ ಮೂರು ತಿಂಗಳು ಮೀರಿ ಇಡಬೇಕಾದರೆ ಸಲಹಾ ಮಂಡಳಿಯ ಒಪ್ಪಿಗೆ ಬೇಕು.

21ರ ಅರ್ಥ ತಿರುಗಿದ್ದು 1978ರ ಜನವರಿ 25ರಂದು. ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ‘ಸಾರ್ವಜನಿಕ ಹಿತ’ದ ಹೆಸರಿನಲ್ಲಿ ವಶಕ್ಕೆ ಪಡೆದ ಸರ್ಕಾರ, ಕಾರಣ ಕೇಳಿದರೆ ಕೊಡಲು ಒಪ್ಪಲಿಲ್ಲ. ಪ್ರಕ್ರಿಯೆ ಎಂದರೆ ಏನಾದರೊಂದು ಪ್ರಕ್ರಿಯೆಯಲ್ಲ, ಅದು ನ್ಯಾಯಯುತವೂ ವಿವೇಚನೆಯುಳ್ಳದ್ದೂ ಆಗಿರಬೇಕು ಎಂದಿತು ಏಳು ನ್ಯಾಯಮೂರ್ತಿಗಳ ಪೀಠ. ತಮಾಷೆಯೆಂದರೆ, ಅಹವಾಲು ಕೇಳುತ್ತೇವೆಂದು ಸರ್ಕಾರ ಮಾತು ಕೊಟ್ಟದ್ದರಿಂದ ಕೋರ್ಟು ಆ ಆದೇಶವನ್ನು ರದ್ದು ಮಾಡಲೇ ಇಲ್ಲ. ವಿಧಿಯ ಒಂದಕ್ಷರವೂ ಬದಲಾಗದೆ ಕರಡು ಸಮಿತಿ ಬಿಟ್ಟಿದ್ದ ‘ಡ್ಯೂ ಪ್ರೊಸೆಸ್’ ಹಿಂಬಾಗಿಲಿನಿಂದ ಒಳಗೆ ಬಂತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ 2017ರಲ್ಲಿ ಖಾಸಗಿತನದ ಹಕ್ಕು ಗಟ್ಟಿಯಾಗಿ ನೆಲೆಗೊಂಡದ್ದೂ ಇದೇ ವಿಧಿಯಡಿ.

ಪ್ರಶ್ನೆ: ನಮ್ಮಲ್ಲಿರುವ ಹಳೆಯ ಸಂವಿಧಾನ ಪ್ರತಿಯ ಪ್ರಸ್ತಾವನೆಯಲ್ಲಿ ‘ಸಮಾಜವಾದಿ, ಜಾತ್ಯತೀತ’ ಇಲ್ಲ. ಮುದ್ರಣದೋಷವೇ?
(ಗ್ರಂಥಪಾಲಕರು, ಶಿರಸಿ)

ಉತ್ತರ: ಅಲ್ಲ. ಅವು 1976ರ 42ನೇ ತಿದ್ದುಪಡಿಯಲ್ಲಿ ಸೇರಿದವು. ಅದೇ ತಿದ್ದುಪಡಿ ರಾಷ್ಟ್ರದ ‘ಏಕತೆ’ಯ ಜೊತೆಗೆ ‘ಅಖಂಡತೆ’ಯನ್ನೂ ಸೇರಿಸಿತು. ಅದೂ ಇಲ್ಲದಿದ್ದರೆ ನಿಮ್ಮದು ತಿದ್ದುಪಡಿಗೆ ಮುಂಚಿನ ಪಾಠ.