ಆಳದಲ್ಲಿ ಹುಟ್ಟಿದ ಕಲ್ಲು ಮೇಲೆ ಬರುವಾಗ ಮತ್ತೆ ಬದಲಾಗುವುದಿಲ್ಲವೇ?

ನೀವು ಕೇಳಿದ್ದು ಇಷ್ಟು: ಭಾರೀ ಒತ್ತಡದಲ್ಲಿ ಹುಟ್ಟಿದ ಎಕ್ಲೊಜೈಟ್‌ನಂಥ ಕಲ್ಲು ಮೇಲೆ ಬರುವಷ್ಟರಲ್ಲಿ ಮಾಮೂಲಿ ಕಲ್ಲಾಗಿಬಿಡಬೇಕಿತ್ತು ಅಲ್ವಾ, ಮತ್ತೆ ಅದು ನಮ್ಮ ಕೈಗೆ ಹೇಗೆ ಸಿಗುತ್ತದೆ?

ಬಹಳಷ್ಟು ಕಲ್ಲು ಬದಲಾಗಿಯೇ ಬಿಡುತ್ತದೆ. ನಮಗೆ ಸಿಗುವುದು ಅಳಿದುಳಿದ ಭಾಗ.

ಎಕ್ಲೊಜೈಟ್ ಅಂದರೆ ಮುಖ್ಯವಾಗಿ ಎರಡು ಖನಿಜ: ಕೆಂಪು ಗಾರ್ನೆಟ್, ಹಸಿರು ಓಂಫಸೈಟ್. ಒತ್ತಡ ಇಳಿದಂತೆ ಓಂಫಸೈಟ್‌ಗೆ ತನ್ನೊಳಗಿನ ಸೋಡಿಯಂ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಅದು ಹೊರಬಿದ್ದು ಫೆಲ್ಡ್‌ಸ್ಪಾರ್ ಎಂಬ ಬೇರೆ ಖನಿಜದೊಳಗೆ ಸೇರುತ್ತದೆ. ಉಳಿದದ್ದು ಸೋಡಿಯಂ ಕಡಿಮೆ ಇರುವ ಪೈರಾಕ್ಸೀನ್ (ಓಂಫಸೈಟ್ ಕೂಡ ಇದೇ ಗುಂಪಿನದು). ಇವೆರಡೂ ಹುಳುಗಳ ಹಾಗೆ ಒಂದರೊಳಗೊಂದು ಹೆಣೆದುಕೊಂಡು ಬೆಳೆಯುತ್ತವೆ. ಇದಕ್ಕೆ ಸಿಂಪ್ಲೆಕ್ಟೈಟ್ ಎನ್ನುತ್ತಾರೆ. ಮೊದಲ ಸಲ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಲೆನ್ಸ್ ಮೇಲೆ ಯಾರೋ ಬೆರಳಿಟ್ಟಿದ್ದಾರೆ ಅಂತ ಒರೆಸಲು ಹೋಗಿದ್ದೆ! ಗಾರ್ನೆಟ್ ಸುತ್ತಲೂ ಆಂಫಿಬೋಲ್ (ನೀರು ಸೇರಿರುವ ಕಪ್ಪು ಖನಿಜ), ಫೆಲ್ಡ್‌ಸ್ಪಾರ್‌ಗಳ ಅಂಚು ಕಟ್ಟುತ್ತದೆ. ಇದು ಹೀಗೇ ಮುಂದುವರಿದರೆ ಕಲ್ಲು ಆಂಫಿಬೋಲೈಟ್ ಆಗುತ್ತದೆ. ಒತ್ತಡದಲ್ಲೇ ಹುಟ್ಟುವ ಇನ್ನೊಂದು ಕಲ್ಲು, ನೀಲಿ ಖನಿಜ ಗ್ಲಾಕೊಫೇನ್ ಇರುವ ಬ್ಲೂಶಿಸ್ಟ್ ಕಥೆಯೂ ಹೀಗೇ: ಹಸಿರು ಖನಿಜಗಳಾದ ಕ್ಲೋರೈಟ್, ಆಕ್ಟಿನೊಲೈಟ್ ಬಂದು ನೀಲಿ ಹೋಗಿ ಹಸಿರಾಗುತ್ತದೆ.

ಹಾಗಾದರೆ ಪೂರ್ತಿ ಯಾಕೆ ಬದಲಾಗುವುದಿಲ್ಲ? ನನ್ನ ಪ್ರಕಾರ ಮುಖ್ಯ ಕಾರಣ ನೀರು. ಕಲ್ಲು ಕೆಳಗೆ ಹೋಗುವಾಗ ಬಿಸಿಗೆ ಅದರ ಖನಿಜಗಳಲ್ಲಿದ್ದ ಬಹುಪಾಲು ನೀರು ಹೊರಟುಹೋಗುತ್ತದೆ. ವಾಪಸ್ ಬರುವಾಗ ಕಲ್ಲು ಒಣಗಿರುತ್ತದೆ. ಆಂಫಿಬೋಲ್, ಕ್ಲೋರೈಟ್ ಕಟ್ಟಲು ನೀರು ಬೇಕು, ಅಣುಗಳು ಸಲೀಸಾಗಿ ಓಡಾಡಲೂ ನೀರು ಬೇಕು. ಅದಕ್ಕೇ ಒಂದೇ ಬಂಡೆಯಲ್ಲಿ ಬಿರುಕಿನ ಪಕ್ಕ, ಅಂಚಿನಲ್ಲಿ ಕಪ್ಪು ಆಂಫಿಬೋಲೈಟ್, ನಡುವೆ ತಾಜಾ ಎಕ್ಲೊಜೈಟ್ ಕಾಣುವುದು. ಬೇಗ ಮೇಲೆ ಬಂದು ಬೇಗ ತಣ್ಣಗಾದರೂ ಕಲ್ಲು ಬಚಾವಾಗುತ್ತದೆ, ತಣ್ಣಗಾದ ಮೇಲೆ ಬದಲಾವಣೆ ತೀರಾ ನಿಧಾನ.

ನನಗೆ ಜಾಸ್ತಿ ಇಷ್ಟವಾದದ್ದು ಕೋಯಸೈಟ್. ಇದು ಕ್ವಾರ್ಟ್ಜ್‌ನ ಒತ್ತಿದ ರೂಪ, ಸುಮಾರು 90 ಕಿ.ಮೀ. ಆಳ ಬೇಕು. 1984ರಲ್ಲಿ ಭೂವಿಜ್ಞಾನಿ ಕ್ರಿಶ್ಚಿಯನ್ ಶೋಪಾಂ ಅವರು ಆಲ್ಪ್ಸ್‌ನ ಡೋರಾ ಮೈರಾದ ಗಾರ್ನೆಟ್ ಒಳಗೆ ಇದನ್ನು ತೋರಿಸಿದರು. ಲಡಾಖ್‌ನ ತ್ಸೊ ಮೊರಿರಿ ಕಡೆಯ ಎಕ್ಲೊಜೈಟ್‌ನಲ್ಲೂ ಸಿಕ್ಕಿದೆ. ಗಟ್ಟಿ ಗಾರ್ನೆಟ್ ಪ್ರೆಶರ್ ಕುಕ್ಕರ್ ಇದ್ದಂತೆ, ಹೊರಗೆ ಒತ್ತಡ ಇಳಿದರೂ ಒಳಗೆ ಉಳಿದಿರುತ್ತದೆ. ಕೋಯಸೈಟ್ ಕ್ವಾರ್ಟ್ಜ್ ಆಗತೊಡಗಿದರೆ ಸುಮಾರು 10 ಶೇಕಡಾ ಹಿಗ್ಗುತ್ತದೆ. ಆಗ ಗಾರ್ನೆಟ್‌ನಲ್ಲಿ ಸುತ್ತಲೂ ನಕ್ಷತ್ರದಂತೆ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ನೀರು ನುಗ್ಗಿದರೆ ಮುಗಿಯಿತು, ಉಳಿದ ಕೋಯಸೈಟೂ ಹೋಗುತ್ತದೆ. ಬರೀ ಬಿರುಕು ನೋಡಿ ಸುಮ್ನೆ ಕೋಯಸೈಟ್ ಇತ್ತು ಅನ್ನುವಂತಿಲ್ಲ. ಆದರೆ ಅಂಥ ಗಾರ್ನೆಟ್ ಕಂಡರೆ ಸ್ಲೈಡನ್ನು ಇನ್ನೊಂದು ಗಂಟೆ ಬಿಡಲು ಮನಸ್ಸಾಗುವುದಿಲ್ಲ.