ಗಂಟೆಗಳು ಹೆಚ್ಚಿದರೆ ಹಾರಾಟ ತಾನಾಗಿ ಸುಧಾರಿಸುತ್ತದೆಯೇ?

ಪ್ರಶ್ನೆ: ಖಾಸಗಿ ಪೈಲಟ್ ಲೈಸೆನ್ಸ್ ಪಡೆದು ಎರಡು ವರ್ಷಗಳಾಗಿವೆ. ಒಟ್ಟು 110 ಗಂಟೆ ಹಾರಿದ್ದೇನೆ. ಈಗ ತಿಂಗಳಿಗೊಮ್ಮೆ ಹಾರುತ್ತೇನೆ. ಕಳೆದ ವಾರ ಇಳಿಯಲು ಬರುವಾಗ ಬೇಸ್‌ನಿಂದ (ರನ್‌ವೇಗೆ ಅಡ್ಡವಾಗಿ ಹಾರುವ ಹಂತ) ಫೈನಲ್‌ಗೆ (ರನ್‌ವೇಯ ನೇರದಲ್ಲಿ ಇಳಿಯುವ ಕೊನೆಯ ಹಂತ) ತಿರುಗುವುದು ತಡವಾಗಿ ರನ್‌ವೇಯ ನೇರವನ್ನು ದಾಟಿಹೋದೆ. ರಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ, ಕಾಲಿನಿಂದ ನಡೆಸುವಂಥದ್ದು) ಒತ್ತಿ ತಿರುವನ್ನು ಬಿಗಿಗೊಳಿಸಿದಾಗ ಒಂದು ಕ್ಷಣ ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಎಚ್ಚರಿಕೆಯ ಸದ್ದು ಕೇಳಿಸಿತು. ಹೇಗೋ ಇಳಿಸಿದೆ. ಇನ್ನಷ್ಟು ಹಾರಿದರೆ ಇದು ಸರಿಹೋಗುವುದೇ? ಸುರಕ್ಷತೆಗೆ ಇನ್ನೇನು ಮಾಡಬೇಕು?

ಉತ್ತರ: ತಾನಾಗಿ ಸರಿಹೋಗುವುದಿಲ್ಲ. ಅಂದು ನೀವು ಅಪಾಯದ ಎಷ್ಟು ಸಮೀಪಕ್ಕೆ ಹೋಗಿ ಬಂದಿರಿ ಎಂಬುದನ್ನು ಮೊದಲು ಬಿಡಿಸಿ ಹೇಳಬೇಕು.

ನೆಲ ಹತ್ತಿರವಿರುವಾಗ ವಿಮಾನವನ್ನು ಹೆಚ್ಚು ವಾಲಿಸಲು ಯಾರಿಗಾದರೂ ಅಳುಕು. ಆದ್ದರಿಂದ ತಿರುವಿನ ಒಳಬದಿಯ ರಡರ್ ಒತ್ತಿ ಮೂತಿಯನ್ನು ರನ್‌ವೇ ಕಡೆಗೆ ಎಳೆಯುತ್ತೇವೆ. ಆಗ ಹೊರಗಿನ ರೆಕ್ಕೆ ವೇಗವಾಗಿ ಚಲಿಸಿ ಮೇಲೇಳುತ್ತದೆ. ವಾಲುವಿಕೆ ಹೆಚ್ಚದಿರಲೆಂದು ಕೈ ಏಲೆರಾನನ್ನು (ರೆಕ್ಕೆಯ ಹಿಂಬದಿಯಲ್ಲಿದ್ದು ವಾಲುವಿಕೆಯನ್ನು ನಿಯಂತ್ರಿಸುವ ಪಟ್ಟಿ) ವಿರುದ್ಧ ದಿಕ್ಕಿಗೆ ತಿರುಗಿಸುತ್ತದೆ. ಮೂತಿ ಕೆಳಗಿಳಿಯುವುದನ್ನು ಕಂಡು ನಿಯಂತ್ರಣ ದಂಡವನ್ನು ಹಿಂದಕ್ಕೆ ಎಳೆಯುತ್ತೇವೆ. ಕೆಳಗಿರುವ ರೆಕ್ಕೆಯ ಏಲೆರಾನ್ ಕೆಳಕ್ಕೆ ಬಾಗಿರುವುದರಿಂದ ಆ ರೆಕ್ಕೆಯೇ ಮೊದಲು ಸ್ಟಾಲ್ ಆಗುತ್ತದೆ, ವಿಮಾನ ಒಳಬದಿಗೆ ಮಗುಚಿ ಸ್ಪಿನ್‌ಗೆ, ಅಂದರೆ ಗಿರಗಿರನೆ ಸುತ್ತುತ್ತ ಕೆಳಗೆ ಬೀಳುವ ಸ್ಥಿತಿಗೆ ಜಾರುತ್ತದೆ. ಐನೂರು ಅಡಿಯ ಆಸುಪಾಸಿನಲ್ಲಿ ಅದರಿಂದ ಹೊರಬರುವಷ್ಟು ಎತ್ತರ ಉಳಿದಿರುವುದಿಲ್ಲ.

ರಡರ್ ಬಿಟ್ಟು ಸುಮ್ಮನೆ ಕಡಿದಾಗಿ ವಾಲಿಸುವುದೂ ಪರಿಹಾರವಲ್ಲ. ಎತ್ತರ ಕಳೆದುಕೊಳ್ಳದೆ 45 ಡಿಗ್ರಿ ವಾಲಿ ತಿರುಗುವಾಗ ಸ್ಟಾಲ್ ವೇಗ ಶೇ 19ರಷ್ಟು, 60 ಡಿಗ್ರಿಯಲ್ಲಿ ಶೇ 41ರಷ್ಟು ಏರುತ್ತದೆ. ನೇರ ಹಾರಾಟದಲ್ಲಿ 50 ನಾಟ್‌ಗೆ (ಗಂಟೆಗೆ ಸುಮಾರು 93 ಕಿ.ಮೀ.) ಸ್ಟಾಲ್ ಆಗುವ ವಿಮಾನಕ್ಕೆ ಫೈನಲ್‌ನಲ್ಲಿ ಅದರ 1.3 ಪಟ್ಟು, ಅಂದರೆ 65 ನಾಟ್ ಇಟ್ಟುಕೊಳ್ಳುವುದು ವಾಡಿಕೆ; ಅದೇ ವಿಮಾನ 60 ಡಿಗ್ರಿ ವಾಲಿದಾಗ 70 ನಾಟ್‌ನಲ್ಲಿಯೇ ಸ್ಟಾಲ್ ಆಗಬಲ್ಲದು.

ಆದ್ದರಿಂದ ಸರ್ಕ್ಯೂಟ್‌ನಲ್ಲಿ (ಇಳಿಯುವ ಮುನ್ನ ರನ್‌ವೇ ಸುತ್ತ ಹಾರುವ ದಾರಿ) 30 ಡಿಗ್ರಿ ವಾಲುವಿಕೆಯನ್ನು ನಿಮ್ಮ ಮಿತಿಯಾಗಿ ಇಟ್ಟುಕೊಳ್ಳಿ. ಅಷ್ಟರಲ್ಲಿ ನೇರಕ್ಕೆ ಬರಲಾಗದಿದ್ದರೆ ರೆಕ್ಕೆಗಳನ್ನು ಸಮತಲಕ್ಕೆ ತಂದು, ಥ್ರಾಟಲ್ ಪೂರ್ತಿ ಕೊಟ್ಟು ಗೋ-ಅರೌಂಡ್ ಮಾಡಿ, ಅಂದರೆ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಿ. ಈ ನಿರ್ಧಾರವನ್ನು ಡೌನ್‌ವಿಂಡ್‌ನಲ್ಲಿ (ಬೇಸ್‌ಗೆ ಮೊದಲು ರನ್‌ವೇಗೆ ಸಮಾನಾಂತರವಾಗಿ ಹಾರುವ ಹಂತ) ಇರುವಾಗಲೇ ಬಾಯಿಬಿಟ್ಟು ಹೇಳಿಕೊಳ್ಳಿ. ಗೋ-ಅರೌಂಡ್ ಮಾಡಿದರೆ ಇಳಿಸಲು ಬಾರದವರೆಂದು ನೋಡುವವರು ಅಂದುಕೊಂಡಾರು ಎಂಬ ಸಂಕೋಚ ಬಹಳ ಪೈಲಟ್‌ಗಳಲ್ಲಿದೆ. ದಯವಿಟ್ಟು ಅದನ್ನು ಬಿಡಿ. ಬೇಸ್‌ನಲ್ಲಿ ಗಾಳಿ ಹಿಂದಿನಿಂದ ತಳ್ಳುತ್ತಿದ್ದರೆ ತಿರುವನ್ನು ಬೇಗನೆ ಆರಂಭಿಸಬೇಕು. ಅಂದು ನೀವು ದಾಟಿಹೋಗಲು ಬಹುಶಃ ಇದೇ ಕಾರಣ.

ಅಭ್ಯಾಸಕ್ಕೆ ತಿಂಗಳಿಗೆ ಒಂದೇ ಗಂಟೆ ಸಿಕ್ಕರೂ ಅದಕ್ಕೊಂದು ಗುರಿಯಿರಲಿ. ಮೂರು ಸಾವಿರ ಅಡಿಗಿಂತ ಮೇಲೆ, ತರಬೇತುದಾರರು ಪಕ್ಕದಲ್ಲಿರುವಾಗ, ಕೆಳಗಿನ ನೇರ ರಸ್ತೆಯೊಂದನ್ನು ರನ್‌ವೇ ಎಂದು ಭಾವಿಸಿ ಇಳಿಯುವ ವೇಗದಲ್ಲಿ ತಿರುಗಿ ನೋಡಿ. ಉಪಕರಣ ಫಲಕದಲ್ಲಿರುವ ಬಾಗಿದ ಗಾಜಿನ ಕೊಳವೆಯೊಳಗಿನ ಕಪ್ಪು ಗುಂಡು ತಿರುವಿನ ಹೊರಬದಿಗೆ ಸರಿದಿದ್ದರೆ ಒಳಗಿನ ರಡರ್ ಅತಿಯಾಗಿದೆ ಎಂದರ್ಥ. ಗುಂಡು ಯಾವ ಕಡೆಗಿದೆಯೋ ಆ ಕಾಲನ್ನು ಒತ್ತಿದರೆ ಅದು ನಡುವಿಗೆ ಬರುತ್ತದೆ. ಕೆಲವು ಸಲ ಹೀಗೆ ಮಾಡಿದ ಮೇಲೆ ಗುಂಡನ್ನು ನೋಡುವ ಮೊದಲೇ ಆಸನದಲ್ಲಿ ದೇಹ ಪಕ್ಕಕ್ಕೆ ಜಾರುವುದು ನಿಮಗೆ ತಿಳಿಯತೊಡಗುತ್ತದೆ. ಆ ಅರಿವು ಬರುವವರೆಗೆ ಅಭ್ಯಾಸ ನಿಲ್ಲಿಸಬೇಡಿ.

ಮೊದಲೇ ಮಿತಿ ನಿಗದಿಪಡಿಸುವ ಈ ಕ್ರಮ ಹವಾಮಾನಕ್ಕೂ ಬೇಕು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯವು 1954ರಲ್ಲಿ ಉಪಕರಣ ಹಾರಾಟದ (ಹೊರಗೆ ನೋಡದೆ ಉಪಕರಣಗಳನ್ನಷ್ಟೇ ನಂಬಿ ಹಾರುವುದು) ಅನುಭವವಿಲ್ಲದ 20 ಪೈಲಟ್‌ಗಳನ್ನು ಮೋಡದೊಳಗಿನಂಥ ಸ್ಥಿತಿಯಲ್ಲಿ ಹಾರಿಸಿ ನೋಡಿತು. ಎಲ್ಲರೂ ನಿಯಂತ್ರಣ ಕಳೆದುಕೊಂಡರು, ಸರಾಸರಿ 178 ಸೆಕೆಂಡುಗಳಲ್ಲಿ. ಗೋಚರತೆ, ಮೋಡದ ಎತ್ತರ, ಅಡ್ಡಗಾಳಿ, ಉಳಿದಿರಬೇಕಾದ ಇಂಧನ ಇವುಗಳ ನಿಮ್ಮ ಮಿತಿಗಳನ್ನು ಮನೆಯಲ್ಲಿಯೇ ಬರೆದಿಟ್ಟುಕೊಂಡು, ಹೊರಡುವ ದಿನ ಅವನ್ನು ಸಡಿಲಿಸಬೇಡಿ.

ಮುಂದಿನ ಸಲ ಒಬ್ಬರೇ ಹಾರುವ ಮೊದಲು ತರಬೇತುದಾರರೊಡನೆ ಒಂದು ಗಂಟೆ ಹಾರಿ. ಸ್ಟಾಲ್ ಎಚ್ಚರಿಕೆ ಕೇಳಿಸಿದಾಗ ಕಾಲು ಎಲ್ಲಿತ್ತು, ಕೈ ಏನು ಮಾಡುತ್ತಿತ್ತು ಎಂಬುದನ್ನು ಮುಚ್ಚುಮರೆಯಿಲ್ಲದೆ ಅವರಿಗೆ ತಿಳಿಸಿ.